ಹಾಡನ್ನು ಆಮೇಲೆ ತುಂಬಬಹುದು, ರೇಡಿಯೊವನ್ನು ಮೊದಲು ನೋಡಿ

ಹುಬ್ಬಳ್ಳಿಯ ಕೊಪ್ಪೀಕರ ರಸ್ತೆಯ ಯಾವುದೇ ಎಲೆಕ್ಟ್ರಾನಿಕ್ಸ್ ಅಂಗಡಿಗೆ ಹೋಗಿ ರೇಡಿಯೊ ಇರುವ ಮ್ಯೂಸಿಕ್ ಪ್ಲೇಯರ್ ಕೇಳಿದರೆ, ಅಂಗಡಿಯವರು ನಾಲ್ಕೈದು ಬಗೆಯ ಪೆಟ್ಟಿಗೆಗಳನ್ನು ಎದುರಿಗೆ ಹರವುತ್ತಾರೆ. ಅಂಗೈಯಲ್ಲಿ ಅಡಗುವ ತೆಳ್ಳನೆಯ ಪ್ಲೇಯರ್, ಮೆಮೊರಿ ಕಾರ್ಡ್ ಹಾಕುವ ಚಿಕ್ಕ ರೇಡಿಯೊ, ಹಾಡುಗಳನ್ನು ಮೊದಲೇ ತುಂಬಿಟ್ಟ ಹಳೆಯ ಕಾಲದ ಟ್ರಾನ್ಸಿಸ್ಟರ್‌ ರೂಪದ ಪೆಟ್ಟಿಗೆ, ಬ್ಲೂಟೂತ್ ಸ್ಪೀಕರ್, ಕೊನೆಗೆ ಒಂದು ಕೀಪ್ಯಾಡ್ ಮೊಬೈಲ್. ಐದರ ಮೇಲೂ ರೇಡಿಯೊ ಇದೆ ಎಂದು ಅಚ್ಚಾಗಿರುತ್ತದೆ. ಹೆಚ್ಚಿನವುಗಳಲ್ಲಿ ಇರುವುದು ಎಫ್‌ಎಂ ಮಾತ್ರ. ಧಾರವಾಡ ಆಕಾಶವಾಣಿಯ ಮುಖ್ಯ ಕೇಂದ್ರ ಬರುವುದು ಮೀಡಿಯಂ ವೇವ್ ಎಂಬ ಬೇರೆಯೇ ಬ್ಯಾಂಡ್‌ನಲ್ಲಿ, 765 ಕಿಲೋಹರ್ಟ್ಸ್‌ನಲ್ಲಿ.

ನಮ್ಮ ಓಣಿಯ ನಿವೃತ್ತ ಶಿಕ್ಷಕರೊಬ್ಬರಿಗೆ ಅವರ ಮಗ ಬೆಂಗಳೂರಿನಿಂದ ಒಂದು ಚೆಂದದ ಪ್ಲೇಯರ್ ತಂದುಕೊಟ್ಟಿದ್ದ. ಹಾಡು ಚೆನ್ನಾಗಿ ಕೇಳಿಸುತ್ತಿತ್ತು, ವಿವಿಧ ಭಾರತಿಯೂ ಬರುತ್ತಿತ್ತು. ಅವರಿಗೆ ಬೇಕಾಗಿದ್ದ ಕೇಂದ್ರ ಮಾತ್ರ ಸಿಗಲಿಲ್ಲ. ‘ಧಾರವಾಡದಲ್ಲಿ ಕುಳಿತು ಧಾರವಾಡವೇ ಕೇಳಿಸದಿದ್ದರೆ ಇದು ಎಂಥ ರೇಡಿಯೊ, ತಮ್ಮಾ?’ ಎಂದು ನನ್ನನ್ನು ಕೇಳಿದರು. ನ್ಯಾಯವಾದ ಪ್ರಶ್ನೆ. ಅವರಿಗಾಗಿ ಇನ್ನೊಂದನ್ನು ಹುಡುಕಿಕೊಡುವಾಗ ತಿಳಿದದ್ದನ್ನೂ, ಆಮೇಲೆ ಗದಗ, ಹಾವೇರಿ ಕಡೆಯ ನಂಟರಿಷ್ಟರಿಗೆ ಆರಿಸಿಕೊಡುವಾಗ ಕಲಿತದ್ದನ್ನೂ ಇಲ್ಲಿ ಬರೆಯುತ್ತಿದ್ದೇನೆ. ನನ್ನ ಅಭಿಪ್ರಾಯ ಇಷ್ಟೇ: ಹಾಡನ್ನು ಯಾವಾಗ ಬೇಕಾದರೂ ತುಂಬಬಹುದು, ಇಯರ್‌ಫೋನನ್ನು ಬದಲಿಸಬಹುದು. ಪೆಟ್ಟಿಗೆಯೊಳಗೆ ಇಲ್ಲದ ಮೀಡಿಯಂ ವೇವನ್ನು ಆಮೇಲೆ ಯಾರೂ ಸೇರಿಸಿಕೊಡಲಾರರು. ಆದ್ದರಿಂದ ರೇಡಿಯೊ ನೋಡಿ ಆರಿಸಿ, ಪ್ಲೇಯರ್‌ನ ವಿಚಾರ ಅದರ ನಂತರ.

ಮೊದಲು: ಯಾವ ಕೇಂದ್ರ ಕೇಳಬೇಕು ಎಂದು ಬರೆದುಕೊಳ್ಳಿ

ಅಂಗಡಿಗೆ ಹೋಗುವ ಮುನ್ನ ಒಂದು ಚೀಟಿಯಲ್ಲಿ ಬೇಕಾದ ಕೇಂದ್ರಗಳನ್ನೂ ಅವುಗಳ ಸಂಖ್ಯೆಗಳನ್ನೂ ಬರೆದುಕೊಳ್ಳಿ. ನಮ್ಮ ಭಾಗದವರಿಗೆ ಆ ಚೀಟಿ ಹೆಚ್ಚುಕಡಿಮೆ ಹೀಗಿರುತ್ತದೆ.

ಧಾರವಾಡ ಆಕಾಶವಾಣಿ, ಮೀಡಿಯಂ ವೇವ್ 765. ಈ ಕೇಂದ್ರ 1950ರ ಜನವರಿ 8ರಂದು ಆರಂಭವಾಯಿತು. ಪ್ರದೇಶ ಸಮಾಚಾರ, ರೈತರ ಕಾರ್ಯಕ್ರಮ, ನಾಟಕ, ಜಾನಪದ, ಹಿಂದೂಸ್ತಾನಿ ಸಂಗೀತ ಎಲ್ಲವೂ ಇಲ್ಲಿಂದಲೇ. ಮಲ್ಲಿಕಾರ್ಜುನ ಮನ್ಸೂರರು ಸಂಗೀತ ಸಲಹೆಗಾರರಾಗಿದ್ದ ಕೇಂದ್ರ ಇದು. ಈ ಭಾಗದ ಹಿರಿಯರು ‘ರೇಡಿಯೊ’ ಎಂದಾಗ ಅವರ ಮನಸ್ಸಿನಲ್ಲಿರುವುದು ಬಹುಮಟ್ಟಿಗೆ ಇದೇ.

ಧಾರವಾಡದ ವಿವಿಧ ಭಾರತಿ, ಎಫ್‌ಎಂ 103. ಚಿತ್ರಗೀತೆ ಸಾಕು ಎನ್ನುವವರಿಗೆ ಇದು ಸಾಕು. ಕೃಷಿ ವಿಶ್ವವಿದ್ಯಾಲಯದ ಸಮುದಾಯ ಬಾನುಲಿ ಎಫ್‌ಎಂ 90.4ರಲ್ಲಿದೆ. ಸಮುದಾಯ ಕೇಂದ್ರಗಳ ಪ್ರಸಾರದ ಶಕ್ತಿ ಕಡಿಮೆ, ಆದ್ದರಿಂದ ಧಾರವಾಡದ ಸುತ್ತಮುತ್ತಲಿನವರಿಗಷ್ಟೇ ಅದರ ನಿರೀಕ್ಷೆ ಇರಲಿ. ಇನ್ನು ಖಾಸಗಿ ಎಫ್‌ಎಂಗಳು. ಅವುಗಳಲ್ಲಿ ಹಾಡು, ಹರಟೆ ಸಿಗುತ್ತವೆ. ಸ್ವಂತ ಸುದ್ದಿ ಪ್ರಸಾರಕ್ಕೆ ಅವುಗಳಿಗೆ ಅನುಮತಿಯಿಲ್ಲ, ಬೇಕೆಂದರೆ ಆಕಾಶವಾಣಿಯ ಸುದ್ದಿಯನ್ನೇ ಇದ್ದಹಾಗೆ ಮರುಪ್ರಸಾರ ಮಾಡಬಹುದು. ಸುದ್ದಿಗಾಗಿ ರೇಡಿಯೊ ಕೊಳ್ಳುವವರು ಇದನ್ನು ನೆನಪಿನಲ್ಲಿಡಬೇಕು.

ಊರು ಯಾವುದು ಎನ್ನುವುದೂ ಅಷ್ಟೇ ಮುಖ್ಯ. ಎಫ್‌ಎಂ ತರಂಗ ಸರಿಸುಮಾರು ನೇರ ದಾರಿಯಲ್ಲಿ ಸಾಗುತ್ತದೆ. ನಡುವೆ ಗುಡ್ಡ, ಎತ್ತರದ ಕಟ್ಟಡ ಬಂದರೆ ಕ್ಷೀಣಿಸುತ್ತದೆ. ಮೀಡಿಯಂ ವೇವ್ ನೆಲವನ್ನು ಅನುಸರಿಸಿ ಬಹುದೂರ ಹೋಗುತ್ತದೆ. ಧಾರವಾಡದ ಮೀಡಿಯಂ ವೇವ್ ಪ್ರೇಷಕದ ಸಾಮರ್ಥ್ಯ 200 ಕಿಲೋವ್ಯಾಟ್. ಹೀಗಾಗಿ ಮುಂಡರಗಿ, ರೋಣ, ಹಿರೇಕೆರೂರು ಕಡೆ ಎಫ್‌ಎಂ ಬಂದು ಹೋಗಿ ಮಾಡುತ್ತಿದ್ದರೂ 765 ಕೇಳಿಸುವ ಸಾಧ್ಯತೆ ಹೆಚ್ಚು. ಕಪ್ಪತಗುಡ್ಡದ ಮಗ್ಗುಲಲ್ಲಿರುವ ಹಳ್ಳಿಯವರು ಎಫ್‌ಎಂ ಮಾತ್ರ ಇರುವ ಪ್ಲೇಯರ್ ಕೊಳ್ಳುವ ಮುನ್ನ ಊರಿನಲ್ಲಿ ಯಾರದಾದರೂ ಮೊಬೈಲ್‌ನ ಎಫ್‌ಎಂ ಹಚ್ಚಿ ನೋಡುವುದು ಒಳ್ಳೆಯದು. ಅದರಲ್ಲಿ ಬಾರದ ಕೇಂದ್ರ ಹೊಸದರಲ್ಲಿ ಬರುವ ಭರವಸೆ ಕಡಿಮೆ.

ರಾತ್ರಿಯಾದ ಮೇಲೆ ಮೀಡಿಯಂ ವೇವ್ ಇನ್ನೂ ದೂರಕ್ಕೆ ಸಾಗುತ್ತದೆ, ವಾಯುಮಂಡಲದ ಮೇಲಿನ ಪದರಕ್ಕೆ ತಾಗಿ ಮರಳುತ್ತದೆ. 612ರಲ್ಲಿ ಬೆಂಗಳೂರನ್ನು ಹುಡುಕುವ ಹವ್ಯಾಸವಿರುವವರಿಗೆ ಕತ್ತಲಾದ ಮೇಲಿನ ಹೊತ್ತೇ ಸೂಕ್ತ. ಶಾರ್ಟ್ ವೇವ್ ಇದೆ, ಹತ್ತು ಬ್ಯಾಂಡ್ ಇದೆ ಎಂದು ಯಾರಾದರೂ ಹೆಚ್ಚಿನ ಬೆಲೆ ಹೇಳಿದರೆ, ಕನ್ನಡ ಕಾರ್ಯಕ್ರಮಗಳಿಗಾಗಿ ಕೊಳ್ಳುವವರು ಆ ಹಣ ಕೊಡುವ ಅಗತ್ಯವಿಲ್ಲ.

ಎರಡನೆಯದು: ಯಾವ ಬಗೆಯ ಪೆಟ್ಟಿಗೆ

ತೆಳ್ಳನೆಯ ಜೇಬಿನ ಪ್ಲೇಯರ್‌ಗಳ ಕಾಲ ಇಳಿಮುಖವಾಗಿದೆ. ಆಪಲ್ ಸಂಸ್ಥೆ ಐಪಾಡ್ ತಯಾರಿಕೆಯನ್ನೇ 2022ರಲ್ಲಿ ನಿಲ್ಲಿಸಿತು. ಈಗ ಸಿಗುವ ಚಿಕ್ಕ ಪ್ಲೇಯರ್‌ಗಳಲ್ಲಿ ಎಫ್‌ಎಂ ಇರುತ್ತದೆ, ಮೀಡಿಯಂ ವೇವ್ ಇರುವುದು ತೀರ ಅಪರೂಪ. ಕಾರಣ ಸರಳ: ಮೀಡಿಯಂ ವೇವ್ ಹಿಡಿಯಲು ಒಳಗೆ ತಂತಿ ಸುತ್ತಿದ ಫೆರೈಟ್ ಕಡ್ಡಿ ಬೇಕು, ಅದಕ್ಕೆ ಜಾಗ ಬೇಕು. ಎಫ್‌ಎಂಗಾದರೆ ಇಯರ್‌ಫೋನ್ ತಂತಿಯೇ ಆಂಟೆನಾ. ನಡೆಯುವಾಗ, ಬಸ್ಸಿನಲ್ಲಿ, ಸಂಗೀತವನ್ನೇ ಮುಖ್ಯವಾಗಿ ಕೇಳುವ ಕಾಲೇಜು ಹುಡುಗರಿಗೆ ಈ ಬಗೆ ಹೊಂದುತ್ತದೆ. ಬ್ಲೂಟೂತ್ ಇಯರ್‌ಫೋನ್ ಹಾಕಿಕೊಂಡು ಎಫ್‌ಎಂ ಕೇಳುವ ಆಸೆಯಿದ್ದರೆ ಮುಂಚೆಯೇ ಕೇಳಿ ತಿಳಿದುಕೊಳ್ಳಿ. ಬಹಳಷ್ಟು ಪ್ಲೇಯರ್‌ಗಳಲ್ಲಿ ತಂತಿಯ ಇಯರ್‌ಫೋನ್ ಚುಚ್ಚದೆ ರೇಡಿಯೊ ಶುರುವಾಗುವುದೇ ಇಲ್ಲ.

ಕೀಪ್ಯಾಡ್ ಮೊಬೈಲನ್ನು ಯಾರೂ ಮ್ಯೂಸಿಕ್ ಪ್ಲೇಯರ್ ಎಂದು ಎಣಿಸುವುದಿಲ್ಲ, ಎಣಿಸಬೇಕು. ಕಾರ್ಡ್ ಹಾಕಬಹುದು, ಸ್ಪೀಕರ್ ಇದೆ, ಬ್ಯಾಟರಿ ದಿನಗಟ್ಟಲೆ ಬರುತ್ತದೆ. 2020ರಲ್ಲಿ ಹೊಸ ರೂಪದಲ್ಲಿ ಬಂದ ನೋಕಿಯಾ 5310 ಹಾಡಿಗಾಗಿಯೇ ಮಾಡಿದ ಮೊಬೈಲ್. ಬದಿಯಲ್ಲಿ ಹಾಡಿನ ಗುಂಡಿಗಳಿವೆ, ಇಯರ್‌ಫೋನ್ ಇಲ್ಲದೆಯೂ ಎಫ್‌ಎಂ ಹಿಡಿಯುತ್ತದೆ. ಆದರೆ ಹೀಗೆ ಒಳಗಿನ ಆಂಟೆನಾದಿಂದ ಬರುವ ಎಫ್‌ಎಂ, ತಂತಿ ಚುಚ್ಚಿದಾಗ ಬರುವಷ್ಟು ಗಟ್ಟಿಯಾಗಿರುವುದಿಲ್ಲ. ಹೊಲದಲ್ಲಿ, ಅಂಗಡಿಯ ಗಲ್ಲೆಯ ಬಳಿ ಇಟ್ಟುಕೊಂಡು ಕೇಳುವವರಿಗೆ, ಎಫ್‌ಎಂ ಸಾಕು ಎನ್ನುವುದಾದರೆ, ಇದಕ್ಕಿಂತ ಬಾಳಿಕೆಯ ಆಯ್ಕೆ ನನಗೆ ಕಂಡಿಲ್ಲ.

ಸ್ಮಾರ್ಟ್‌ಫೋನ್ ಇದೆಯಲ್ಲ ಎನ್ನುವವರಿಗೆ ಒಂದು ಮಾತು. ಅನೇಕ ಫೋನುಗಳಲ್ಲಿ ಎಫ್‌ಎಂ ಸೌಲಭ್ಯವನ್ನು ತಯಾರಕರು ಕೈಬಿಟ್ಟಿದ್ದಾರೆ. ಅದನ್ನು ಬಿಡಬಾರದು ಎಂದು ಕೇಂದ್ರದ ಎಲೆಕ್ಟ್ರಾನಿಕ್ಸ್ ಮತ್ತು ಮಾಹಿತಿ ತಂತ್ರಜ್ಞಾನ ಸಚಿವಾಲಯ 2023ರಲ್ಲಿ ಸೂಚನೆ ನೀಡಿತು. ಪ್ರಸಾರ ಭಾರತಿಯ ನ್ಯೂಸ್ ಆನ್ ಏರ್ ಆ್ಯಪ್‌ನಲ್ಲಿ ಆಕಾಶವಾಣಿ ಕೇಂದ್ರಗಳನ್ನು ಕೇಳಬಹುದು. ಧ್ವನಿ ಸ್ವಚ್ಛವಾಗಿರುತ್ತದೆ, ಆದರೆ ಇಂಟರ್ನೆಟ್ ಬೇಕು, ಡೇಟಾ ಬೇಕು, ಫೋನಿನ ಬ್ಯಾಟರಿಯೂ ಬೇಕು. ಮಳೆಗಾಲದಲ್ಲಿ ಕರೆಂಟ್ ಹೋಗಿ ಟವರ್ ಮಂಕಾದ ರಾತ್ರಿ ಇದನ್ನು ನಂಬಲಾಗದು.

ಹಾಡು ತುಂಬಿಟ್ಟ ಪೆಟ್ಟಿಗೆಗಳಲ್ಲಿ ಸಾರೆಗಾಮಾದ ಕಾರ್ವಾನ್ ಎಲ್ಲರಿಗೂ ಗೊತ್ತು. 2017ರಲ್ಲಿ 5000 ಹಿಂದಿ ಹಾಡುಗಳೊಂದಿಗೆ ಬಂತು, ಆಮೇಲೆ ಕನ್ನಡದ್ದೂ ಬಂತು. ಗುಂಡಿ ತಿರುಗಿಸಿದರೆ ಹಾಡು, ಬೇರೇನೂ ಕಲಿಯಬೇಕಾಗಿಲ್ಲ. ವಯಸ್ಸಾದವರಿಗೆ ಉಡುಗೊರೆ ಕೊಡುವವರು ಇದನ್ನೇ ಕೊಳ್ಳುವುದು ಅದಕ್ಕೇ. ಒಳಗಿನ ಹಾಡುಗಳನ್ನು ಬದಲಿಸಲು ಬರುವುದಿಲ್ಲ, ನಮ್ಮ ಹಾಡುಗಳನ್ನು ಪೆನ್ ಡ್ರೈವ್‌ನಲ್ಲಿ ಹಾಕಿ ಕೇಳಬೇಕು. ರೇಡಿಯೊ ವಿಷಯದಲ್ಲಿ ಒಂದು ಮಾದರಿಗೂ ಇನ್ನೊಂದಕ್ಕೂ ವ್ಯತ್ಯಾಸವಿದೆ. ಪೆಟ್ಟಿಗೆಯ ಮೇಲೆ ಎಫ್‌ಎಂ ಜೊತೆಗೆ ಎಎಂ ಅಥವಾ ಎಂಡಬ್ಲ್ಯೂ ಎಂದೂ (ಎರಡೂ ಮೀಡಿಯಂ ವೇವ್‌ಗೆ ಹಾಕುವ ಗುರುತುಗಳು) ಬರೆದಿದೆಯೇ ನೋಡದೆ ಹಣ ಕೊಡಬೇಡಿ.

ಕೊನೆಯದು ಕಾರ್ಡ್ ಹಾಕುವ ಚಿಕ್ಕ ರೇಡಿಯೊ. ನಮ್ಮ ಭಾಗದ ಬಹುಪಾಲು ಜನರಿಗೆ ನಾನು ಹೇಳುವುದು ಇದನ್ನೇ, ಎಎಂ ಅಥವಾ ಎಂಡಬ್ಲ್ಯೂ ಬ್ಯಾಂಡ್ ಇದ್ದರೆ ಮಾತ್ರ. ಹಗುರ, ಅಗ್ಗ, ಕಾರ್ಡ್ ಮತ್ತು ಪೆನ್ ಡ್ರೈವ್ ಎರಡನ್ನೂ ಓದುತ್ತದೆ, ಇಯರ್‌ಫೋನ್ ತೂತೂ ಇರುತ್ತದೆ. ಗುಣಮಟ್ಟದಲ್ಲಿ ಮಾತ್ರ ಅಜಗಜಾಂತರ. ಒಂದೇ ತರಹ ಕಾಣುವ ಎರಡು ಪೆಟ್ಟಿಗೆಗಳಲ್ಲಿ ಒಂದು ಚೆನ್ನಾಗಿ ಹಿಡಿಯುತ್ತದೆ, ಇನ್ನೊಂದು ಬರಿಯ ಗೊರಗೊರ. ಆದ್ದರಿಂದ ಮುಂದಿನ ಹಂತವನ್ನು ಬಿಡಲೇಬಾರದು.

ಮೂರನೆಯದು: ಅಂಗಡಿಯಲ್ಲಿ ನಿಂತು ಪರೀಕ್ಷಿಸುವುದು

ಇದಕ್ಕೆ ಕಾಲು ಗಂಟೆ ಬೇಕು. ಅಂಗಡಿಯಲ್ಲಿ ಗಿರಾಕಿಗಳ ಗದ್ದಲ ಕಡಿಮೆ ಇರುವ ಬೆಳಗಿನ ಹೊತ್ತಿಗೆ ಹೋಗಿ.

‘ಅಣ್ಣಾ, ಇದರಲ್ಲಿ ಮೀಡಿಯಂ ವೇವ್ ಇದೆಯೇ?’ ಎಂದು ಕೇಳಿದರೆ ‘ಎಲ್ಲಾ ಸ್ಟೇಷನ್ ಬರುತ್ತವೆ ರೀ’ ಎಂಬ ಉತ್ತರ ಬರುವುದುಂಟು. ‘ಹಾಗಾದರೆ ಧಾರವಾಡ 765 ಹಚ್ಚಿ ಕೇಳಿಸಿ’ ಎನ್ನಿ. ಹೆಚ್ಚಿನ ಅಂಗಡಿಯವರು ಸಂತೋಷದಿಂದ ಹಚ್ಚುತ್ತಾರೆ. ಹಚ್ಚಲು ಒಪ್ಪದ ಕಡೆ ಕೊಳ್ಳುವುದು ಬೇಡ.

ಪೆಟ್ಟಿಗೆಯನ್ನು ಹಿಡಿದುಕೊಂಡು ಬಾಗಿಲ ಬಳಿಗೆ ಬನ್ನಿ. ಒಳಗೆ ಎಲ್‌ಇಡಿ ದೀಪಗಳು, ಮೊಬೈಲ್ ಚಾರ್ಜರ್‌ಗಳು, ಓಡುತ್ತಿರುವ ಟಿವಿಗಳು ಇರುತ್ತವೆ. ಇವೆಲ್ಲ ಮೀಡಿಯಂ ವೇವ್‌ಗೆ ಶತ್ರುಗಳು, ಅವುಗಳ ಪಕ್ಕದಲ್ಲಿ ಎಂಥ ಒಳ್ಳೆಯ ರೇಡಿಯೊ ಕೂಡ ಗರಗರ ಎನ್ನುತ್ತದೆ. ಪೆಟ್ಟಿಗೆಯ ಚಾರ್ಜರ್ ತಂತಿ ಚುಚ್ಚಿದ್ದರೆ ಕಿತ್ತುಬಿಡಿ. ಈಗ 765 ಹಚ್ಚಿ ಪೆಟ್ಟಿಗೆಯನ್ನು ಅಡ್ಡಲಾಗಿ ನಿಧಾನವಾಗಿ ಒಂದು ಸುತ್ತು ತಿರುಗಿಸಿ. ಎರಡು ದಿಕ್ಕಿನಲ್ಲಿ ಧ್ವನಿ ಏರಬೇಕು, ನಡುವಿನ ಎರಡು ದಿಕ್ಕಿನಲ್ಲಿ ತಗ್ಗಬೇಕು. ಈ ವ್ಯತ್ಯಾಸ ಸ್ಪಷ್ಟವಾಗಿ ಕೇಳಿಸಿತೆಂದರೆ ಒಳಗೆ ಸರಿಯಾದ ಫೆರೈಟ್ ಕಡ್ಡಿ ಇದೆ ಎಂದರ್ಥ. ಹೇಗೆ ತಿರುಗಿಸಿದರೂ ಒಂದೇ ತೆರನಾದ ಗೊರಗೊರ ಇದ್ದರೆ ಕಡ್ಡಿ ತೀರ ಚಿಕ್ಕದಿರುತ್ತದೆ ಅಥವಾ ಒಳಗಿನ ಸರ್ಕ್ಯೂಟ್ ಕಳಪೆಯಾಗಿರುತ್ತದೆ. ಹುಬ್ಬಳ್ಳಿಯಲ್ಲಿ ಧಾರವಾಡದ ಪ್ರಸಾರ ಬಹಳ ಗಟ್ಟಿ. ಇಲ್ಲಿಯೇ ತಡವರಿಸುವ ರೇಡಿಯೊ ರಾಣೆಬೆನ್ನೂರಿನಲ್ಲಿ ಹಿಡಿಯಲಾರದು.

ಅಂಕಿ ತೋರಿಸುವ ಡಿಜಿಟಲ್ ರೇಡಿಯೊ ಆದರೆ ಇನ್ನೊಂದನ್ನು ನೋಡಬೇಕು. ನಮ್ಮ ದೇಶದ ಮೀಡಿಯಂ ವೇವ್ ಕೇಂದ್ರಗಳು 9 ಕಿಲೋಹರ್ಟ್ಸ್ ಅಂತರದಲ್ಲಿ ನಿಂತಿವೆ: 756, 765, 774 ಹೀಗೆ. ಅಮೆರಿಕದ ಮಾರುಕಟ್ಟೆಗೆಂದು ಮಾಡಿದ ರೇಡಿಯೊಗಳು 10ರ ಅಂತರದಲ್ಲಿ ಜಿಗಿಯುತ್ತವೆ. ಅವುಗಳಲ್ಲಿ 760 ಬರುತ್ತದೆ, 770 ಬರುತ್ತದೆ, 765ರಲ್ಲಿ ನಿಲ್ಲಲು ಬರುವುದಿಲ್ಲ. ಧಾರವಾಡ ಕೇಳಿಸಿದರೂ ಮಾತು ಒಡೆದಂತೆ, ಗಂಟಲು ಕಟ್ಟಿದಂತೆ ಕೇಳಿಸುತ್ತದೆ. ಕೆಲವು ಮಾದರಿಗಳಲ್ಲಿ ಪ್ರದೇಶ ಬದಲಿಸುವ ಆಯ್ಕೆ ಇರುತ್ತದೆ, ಅದನ್ನು 9ಕ್ಕೆ ಇಟ್ಟರೆ ಸರಿಹೋಗುತ್ತದೆ. ಆಯ್ಕೆ ಇಲ್ಲದಿದ್ದರೆ ಬಿಟ್ಟುಬಿಡಿ. ಎಫ್‌ಎಂನಲ್ಲೂ ಇಂಥದೇ ತೊಡಕು ಇದೆ. ಜಪಾನಿನ ವ್ಯವಸ್ಥೆಗೆ ಹೊಂದಿಸಿದ ಹಳೆಯ ಪ್ಲೇಯರ್‌ಗಳು 76ರಿಂದ 90ರ ತನಕವಷ್ಟೇ ಹೋಗುತ್ತವೆ. ನಮಗೆ 87.5ರಿಂದ 108 ಬೇಕು.

ಎಫ್‌ಎಂ ಪರೀಕ್ಷೆಗೆ 103 ಹಚ್ಚಿ. ಇಯರ್‌ಫೋನ್ ತಂತಿಯನ್ನು ಸುತ್ತಿ ಹಿಡಿಯಬೇಡಿ, ಉದ್ದಕ್ಕೆ ಇಳಿಬಿಡಿ. ಎಫ್‌ಎಂ ತರಂಗಕ್ಕೆ ಮುಕ್ಕಾಲು ಮೀಟರಿನಷ್ಟು ತಂತಿ ಚೆನ್ನಾಗಿ ಹೊಂದುತ್ತದೆ. ಆಮೇಲೆ ತಾನಾಗಿ ಹುಡುಕುವ ಗುಂಡಿ ಒತ್ತಿ ಎಷ್ಟು ಕೇಂದ್ರಗಳಲ್ಲಿ ನಿಲ್ಲುತ್ತದೆ ಎಂದು ಗಮನಿಸಿ. ಖಾಲಿ ಜಾಗದಲ್ಲಿ ನಿಂತು ನಿಂತು ಮುಂದೆ ಹೋಗುವ, ಅಥವಾ ಗಟ್ಟಿಯಾದ ಕೇಂದ್ರವನ್ನೇ ದಾಟಿಹೋಗುವ ಪೆಟ್ಟಿಗೆ ಮುಂದೆ ದಿನವೂ ತಲೆ ತಿನ್ನುತ್ತದೆ. ಸ್ಟೀರಿಯೊವನ್ನು ಮೊನೊಗೆ, ಅಂದರೆ ಎರಡೂ ಕಿವಿಗೆ ಒಂದೇ ಧ್ವನಿ ಬರುವಂತೆ, ಬದಲಿಸುವ ಅವಕಾಶವಿದ್ದರೆ ಬಹಳ ಒಳ್ಳೆಯದು. ದೂರದ ಊರುಗಳಲ್ಲಿ ಮೊನೊದಲ್ಲಿ ಇಟ್ಟರೆ ಹಿನ್ನೆಲೆಯ ಸುಸ್ಸೆನ್ನುವ ಸದ್ದು ಗಣನೀಯವಾಗಿ ಇಳಿಯುತ್ತದೆ.

ಧ್ವನಿಯ ಪರೀಕ್ಷೆಗೆ ಹಾಡಿಗಿಂತ ಮಾತು ಒಳ್ಳೆಯದು. ಸುದ್ದಿ ಓದುವವರ ಸ, ಶ ಅಕ್ಷರಗಳು ಸೀಟಿ ಹೊಡೆದಂತೆ ಕೇಳಿಸಬಾರದು, ಮ, ನ ಅಕ್ಷರಗಳು ಕಲಸಿಹೋಗಬಾರದು. ಸಂಗೀತಕ್ಕಾಗಿ ಕೊಳ್ಳುವವರು ತಂಬೂರಿ ಇರುವ ಒಂದು ಹಾಡನ್ನು ಕಾರ್ಡ್‌ನಲ್ಲಿ ಒಯ್ದು ಮುಕ್ಕಾಲು ಧ್ವನಿಯಲ್ಲಿ ಹಚ್ಚಲಿ. ಷಡ್ಜದ ತಂತಿ ಮೀಟಿದಾಗ ಪ್ಲಾಸ್ಟಿಕ್ ಡಬ್ಬಿ ಝರ್ರೆಂದು ನಡುಗಿದರೆ ಅದು ಒಂದು ತಿಂಗಳಲ್ಲಿ ಬೇಸರ ತರಿಸುತ್ತದೆ. ಹಾಡಿನ ಜೋರು ವಾದ್ಯಗಳಲ್ಲಿ ಈ ದೋಷ ಅಡಗಿಕೊಂಡುಬಿಡುತ್ತದೆ, ಒಂಟಿ ತಂಬೂರಿಯಲ್ಲಿ ಅಡಗುವುದಿಲ್ಲ.

ಕೊನೆಗೆ ಮೂರು ಕೇಂದ್ರಗಳನ್ನು ಪೆಟ್ಟಿಗೆಯ ನೆನಪಿಗೆ ಹಾಕಿ, ಪೆಟ್ಟಿಗೆಯನ್ನು ಬಂದ್ ಮಾಡಿ, ಬ್ಯಾಟರಿ ತೆಗೆದು ಮತ್ತೆ ಹಾಕಿ ಹೊತ್ತಿಸಿ. ಕೇಂದ್ರಗಳು ಹಾಗೆಯೇ ಉಳಿದಿರಬೇಕು. ಅಗ್ಗದ ಕೆಲವು ಪೆಟ್ಟಿಗೆಗಳು ಪ್ರತಿಸಲವೂ ಎಲ್ಲವನ್ನೂ ಮರೆತು ಮೊದಲಿನಿಂದ ಹುಡುಕಲು ಹೊರಡುತ್ತವೆ. ವಯಸ್ಸಾದವರ ಕೈಗೆ ಅಂಥದನ್ನು ಕೊಡಬೇಡಿ.

ನಾಲ್ಕನೆಯದು: ಕಾರ್ಡ್ ಮತ್ತು ಹಾಡುಗಳು

32 ಜಿಬಿಯ ಮೆಮೊರಿ ಕಾರ್ಡ್ ಸಾಕು, ದೊಡ್ಡದು ಬೇಡ. 64 ಜಿಬಿ ಮತ್ತು ಅದಕ್ಕಿಂತ ಹೆಚ್ಚಿನ ಕಾರ್ಡ್‌ಗಳು ಎಕ್ಸ್‌ಫ್ಯಾಟ್ ಎಂಬ ವಿನ್ಯಾಸದಲ್ಲಿ ಬರುತ್ತವೆ. ಅನೇಕ ಚಿಕ್ಕ ಪ್ಲೇಯರ್‌ಗಳು ಓದುವುದು 32 ಜಿಬಿ ತನಕದ ಕಾರ್ಡ್‌ಗಳಲ್ಲಿರುವ ಫ್ಯಾಟ್ 32 ವಿನ್ಯಾಸವನ್ನು ಮಾತ್ರ. ಕಾರ್ಡ್ ಹಾಕಿದರೂ ಏನೂ ಕಾಣುವುದಿಲ್ಲ ಎಂಬ ದೂರಿಗೆ ಹೆಚ್ಚಾಗಿ ಇದೇ ಕಾರಣ. 128 ಕೆಬಿಪಿಎಸ್ (ಈ ಸಂಖ್ಯೆ ಹೆಚ್ಚಿದಷ್ಟೂ ಧ್ವನಿ ಉತ್ತಮ, ಕಡತ ದೊಡ್ಡದು) ಎಂಪಿ3 ಹಾಡು ನಿಮಿಷಕ್ಕೆ ಸುಮಾರು ಒಂದು ಎಂಬಿ ಜಾಗ ಹಿಡಿಯುತ್ತದೆ, ಅಂದರೆ 32 ಜಿಬಿಯಲ್ಲಿ 500 ಗಂಟೆಗೂ ಹೆಚ್ಚು. ಶಾಸ್ತ್ರೀಯ ಸಂಗೀತವನ್ನು ಒಳ್ಳೆಯ ಇಯರ್‌ಫೋನಿನಲ್ಲಿ ಕೇಳುವವರು 320 ಕೆಬಿಪಿಎಸ್ ಇಟ್ಟುಕೊಳ್ಳಲಿ, ಆಗಲೂ 200 ಗಂಟೆ ದಾಟುತ್ತದೆ. ಧ್ವನಿಯಲ್ಲಿ ಏನನ್ನೂ ಕಳೆಯದೆ ಕುಗ್ಗಿಸಿದ ಫ್ಲಾಕ್ ಕಡತಗಳು ಬೇಕೇ ಬೇಕು ಎನ್ನುವವರು ಪ್ಲೇಯರ್ ಅದನ್ನು ಓದುತ್ತದೆಯೇ ಎಂದು ಅಂಗಡಿಯಲ್ಲೇ ಒಂದು ಕಡತ ಹಾಕಿ ನೋಡಬೇಕು. ಚಿಕ್ಕ ಸ್ಪೀಕರ್‌ನಲ್ಲಿ ಫ್ಲಾಕ್‌ಗೂ ಒಳ್ಳೆಯ ಎಂಪಿ3ಗೂ ವ್ಯತ್ಯಾಸ ಕೇಳಿಸುವುದಿಲ್ಲ.

ನಮ್ಮ ಭಾಗದ ಕೇಳುಗರಿಗೆ ಒಂದು ವಿಶೇಷ ಅಗತ್ಯವಿದೆ. ಗಂಗೂಬಾಯಿ ಹಾನಗಲ್ಲರ ಹುಬ್ಬಳ್ಳಿ, ಭೀಮಸೇನ ಜೋಶಿಯವರು ಹುಟ್ಟಿದ ಗದಗ ಜಿಲ್ಲೆ, ಪಂಚಾಕ್ಷರಿ ಗವಾಯಿಗಳ ವೀರೇಶ್ವರ ಪುಣ್ಯಾಶ್ರಮ ಇರುವ ನೆಲ ಇದು. ಇಲ್ಲಿ ಖಯಾಲ್ ಕೇಳುವವರು ಮನೆಮನೆಯಲ್ಲಿದ್ದಾರೆ. ಒಂದು ರಾಗ ಮುಕ್ಕಾಲು ಗಂಟೆ ಸಾಗುತ್ತದೆ. ನಿಧಾನಗತಿಯ ವಿಲಂಬಿತ್ ಭಾಗದ ನಡುವೆ ಯಾರೋ ಬಾಗಿಲು ತಟ್ಟಿದರೆಂದು ಆರಿಸಿ, ಮತ್ತೆ ಹಚ್ಚಿದಾಗ ಆಲಾಪದಿಂದ ಶುರುವಾದರೆ ರಸಭಂಗ. ಆದ್ದರಿಂದ ನಿಲ್ಲಿಸಿದ ಜಾಗದಿಂದಲೇ ಮುಂದುವರಿಯುವ ಗುಣ ಪ್ಲೇಯರ್‌ಗೆ ಇರಬೇಕು. ಇದನ್ನು ಪರೀಕ್ಷಿಸುವುದು ಸುಲಭ: ಉದ್ದನೆಯ ಕಡತವೊಂದನ್ನು ಹಚ್ಚಿ, ನಡುವೆ ಪೂರ್ತಿಯಾಗಿ ಆರಿಸಿ, ಮತ್ತೆ ಹೊತ್ತಿಸಿ. ಕೆಲವು ಪ್ಲೇಯರ್‌ಗಳು ಹಾಡನ್ನಷ್ಟೇ ನೆನಪಿಡುತ್ತವೆ, ಹಾಡಿನೊಳಗಿನ ಜಾಗವನ್ನಲ್ಲ. ಪ್ರವಚನ, ಪುರಾಣ ಕೇಳುವವರಿಗೂ ಇದು ಅಷ್ಟೇ ಮುಖ್ಯ.

ಕಡತಗಳ ಹೆಸರು ಕನ್ನಡದಲ್ಲಿದ್ದರೆ ಅಗ್ಗದ ಪ್ಲೇಯರ್‌ಗಳ ಪರದೆಯ ಮೇಲೆ ಚೌಕಗಳೋ ಪ್ರಶ್ನಾರ್ಥಕ ಚಿಹ್ನೆಗಳೋ ಕಾಣುತ್ತವೆ. ಕನ್ನಡ ತೋರಿಸುವ ಪ್ಲೇಯರ್ ಸಿಕ್ಕರೆ ಅದನ್ನೇ ಆರಿಸಿ. ಸಿಗದಿದ್ದರೆ ಹೆಸರಿನ ಮುಂದೆ 01, 02 ಎಂದು ಅಂಕಿ ಸೇರಿಸಿ, ಕಲಾವಿದರಿಗೊಂದು ಫೋಲ್ಡರ್ ಮಾಡಿ, ಅದೇ ಕ್ರಮದಲ್ಲಿ ಕಾರ್ಡ್‌ಗೆ ನಕಲಿಸಿ. ಅನೇಕ ಚಿಕ್ಕ ಪ್ಲೇಯರ್‌ಗಳು ಹೆಸರಿನ ಕ್ರಮ ನೋಡುವುದಿಲ್ಲ, ನಕಲಾದ ಕ್ರಮದಲ್ಲೇ ಹಾಡುತ್ತವೆ.

ಹಾಡುಗಳನ್ನು ಎಲ್ಲಿಂದ ತರುವುದು? ಹಣ ಕೊಟ್ಟರೆ ಕಾರ್ಡ್ ತುಂಬಿಸಿಕೊಡುವ ಕಡೆಗಳಿವೆ. ಹಕ್ಕುದಾರರ ಅನುಮತಿಯಿಲ್ಲದೆ ಮಾಡುವ ಈ ವ್ಯವಹಾರ ಕಾನೂನುಬಾಹಿರ, ಕಲಾವಿದರಿಗೆ ಅನ್ಯಾಯ. ಅದಲ್ಲದೆ ಹಲವು ಸಲ ಹಿಂಡಿ ಕುಗ್ಗಿಸಿದ ಹಾಡುಗಳೇ ಅಲ್ಲಿ ಸಿಗುವುದು. ಮನೆಯಲ್ಲಿ ಸಿಡಿಗಳಿದ್ದರೆ ಅವುಗಳಿಂದ ಕಂಪ್ಯೂಟರಿಗೆ ಇಳಿಸಿಕೊಳ್ಳಿ. ಹಳೆಯ ಕ್ಯಾಸೆಟ್‌ಗಳಿದ್ದರೆ ಟೇಪ್ ರೆಕಾರ್ಡರಿನ ಇಯರ್‌ಫೋನ್ ತೂತಿನಿಂದ ಕಂಪ್ಯೂಟರಿಗೆ ತಂತಿ ಕೊಟ್ಟು ಧ್ವನಿಮುದ್ರಿಸಿಕೊಳ್ಳಬಹುದು. ಟೇಪು ಜಿಗುಟಾಗುವ ಮುನ್ನ ಈ ಕೆಲಸ ಮುಗಿಸುವುದು ಒಳ್ಳೆಯದು.

ರೇಡಿಯೊ ಕಾರ್ಯಕ್ರಮವನ್ನೇ ಕಾರ್ಡಿಗೆ ಮುದ್ರಿಸಿಕೊಳ್ಳುವ ಸೌಲಭ್ಯ ಕೆಲವು ಪೆಟ್ಟಿಗೆಗಳಲ್ಲಿ ಇದೆ. ಸಂಗೀತ ಕಲಿಯುವವರಿಗೆ ಇದು ದೊಡ್ಡ ವರ. ಮುದ್ರಣ ಎಫ್‌ಎಂಗಷ್ಟೇ ಸೀಮಿತವೋ, ಮೀಡಿಯಂ ವೇವ್‌ಗೂ ಇದೆಯೋ ಎಂದು ಕೇಳಿ. ಸ್ವಂತ ಅಭ್ಯಾಸಕ್ಕೆ ಬಳಸಿ, ಹಂಚಬೇಡಿ.

ಐದನೆಯದು: ಬ್ಯಾಟರಿ

ಕಾರ್ಡ್ ರೇಡಿಯೊಗಳ ಹಿಂಬದಿ ಮುಚ್ಚಳ ತೆಗೆದು ನೋಡಿ. ಅನೇಕವುಗಳಲ್ಲಿ ಹಳೆಯ ನೋಕಿಯಾ ಮೊಬೈಲ್‌ಗಳಲ್ಲಿದ್ದ ಬಿಎಲ್-5ಸಿ ಬ್ಯಾಟರಿ ಇರುತ್ತದೆ. ಇದು ಒಳ್ಳೆಯ ಲಕ್ಷಣ. ಎಲ್ಲ ಊರುಗಳ ಮೊಬೈಲ್ ಅಂಗಡಿಗಳಲ್ಲೂ ಸಿಗುತ್ತದೆ, ಉಗುರಿನಿಂದ ಎತ್ತಿ ಬದಲಿಸಬಹುದು. ಗುಂಡನೆಯ 18650 ಸೆಲ್ ಇದ್ದರೆ ಇನ್ನೂ ಹೆಚ್ಚು ಹೊತ್ತು ಬರುತ್ತದೆ. ಬ್ಯಾಟರಿಯನ್ನು ಒಳಗೇ ಬೆಸುಗೆ ಹಾಕಿದ ಪೆಟ್ಟಿಗೆಗಳು ಎರಡು ಮೂರು ವರ್ಷಗಳಲ್ಲಿ ಬ್ಯಾಟರಿ ಸೋತಾಗ ಮೂಲೆ ಸೇರುತ್ತವೆ. ಸಾಮಾನ್ಯ ಪೆನ್ಸಿಲ್ ಸೆಲ್‌ಗಳನ್ನೂ ಹಾಕಬಹುದಾದರೆ ಹೊಲಮನೆಯಲ್ಲಿ ಉಳಿಯುವವರಿಗೆ ಅನುಕೂಲ.

ಬದಲಿ ಬ್ಯಾಟರಿ ಕೊಳ್ಳುವಾಗ ಅದರ ಮೇಲೆ ಐಎಸ್ 16046 ಎಂಬ ಮಾನಕ ಸಂಖ್ಯೆ ಮತ್ತು ಬಿಐಎಸ್ (ಭಾರತೀಯ ಮಾನಕ ಬ್ಯೂರೊ) ಗುರುತು ಇದೆಯೇ ನೋಡಿ. ಲಿಥಿಯಂ ಬ್ಯಾಟರಿಗಳ ಸುರಕ್ಷತೆಗೆ ಭಾರತೀಯ ಮಾನಕ ಇದು. ಬ್ಯಾಟರಿ ಉಬ್ಬಿದ್ದು ಕಂಡರೆ ಆ ಕ್ಷಣವೇ ಹೊರತೆಗೆಯಿರಿ, ಮತ್ತೆ ಚಾರ್ಜಿಗೆ ಹಾಕಬೇಡಿ. ನೋಡಲು ಮೇಜಿನ ಮೇಲೆ ಇಟ್ಟು ಬೆರಳಿನಿಂದ ತಿರುಗಿಸಿ: ಚಪ್ಪಟೆಯಾದದ್ದು ತಿರುಗುವುದಿಲ್ಲ, ಉಬ್ಬಿದ್ದು ಬುಗುರಿಯಂತೆ ತಿರುಗುತ್ತದೆ.

ಆರನೆಯದು: ಕೈಗೂ ಕಿವಿಗೂ ಹೊಂದಬೇಕು

ಯಾರು ಬಳಸುತ್ತಾರೋ ಅವರ ಕೈಯಲ್ಲೇ ಕೊಟ್ಟು ನೋಡಬೇಕು. ಕಣ್ಣು ಮಂದವಾದವರಿಗೆ, ದೃಷ್ಟಿಯಿಲ್ಲದವರಿಗೆ ಪರದೆ ಮುಟ್ಟಿ ನಡೆಸುವ ಪ್ಲೇಯರ್ ಬೇಡವೇ ಬೇಡ. ಒಂದೊಂದು ಗುಂಡಿಯೂ ಬೆರಳಿಗೆ ಬೇರೆಯಾಗಿ ತಿಳಿಯಬೇಕು. ಅಂಕಿಯ ಗುಂಡಿಗಳಿರುವ ಕಾರ್ಡ್ ರೇಡಿಯೊಗಳಲ್ಲಿ 1, 0, 3, 0 ಒತ್ತಿದರೆ ನೇರವಾಗಿ 103ಕ್ಕೆ ಹೋಗುವ ಮಾದರಿಗಳಿವೆ. ಹಾಡಿನ ಸಂಖ್ಯೆ ಒತ್ತಿ ಹಾಡನ್ನೂ ಕರೆಯಬಹುದು. ಐದರ ಗುಂಡಿಯ ಮೇಲೆ ಉಬ್ಬಿದ ಚುಕ್ಕೆ ಇದೆಯೇ ಎಂದು ಮುಟ್ಟಿ ನೋಡಿ, ಉಳಿದೆಲ್ಲ ಗುಂಡಿಗಳಿಗೆ ಬೆರಳು ಅದರಿಂದಲೇ ದಾರಿ ಹುಡುಕುತ್ತದೆ. ಧ್ವನಿಗೆ ತಿರುಗಿಸುವ ಗುಂಡಿ ಇದ್ದರೆ ನಡುಗುವ ಕೈಗಳಿಗೆ ಸಲೀಸು. ಜೇಬಿನಲ್ಲಿಟ್ಟುಕೊಳ್ಳುವವರಿಗೆ ಗುಂಡಿಗಳನ್ನು ಬಂಧಿಸುವ ಲಾಕ್ ಇರಲಿ.

ಚಿಗರಿ ಬಸ್ಸಿನಲ್ಲಿ ಹುಬ್ಬಳ್ಳಿಯಿಂದ ಧಾರವಾಡಕ್ಕೆ ದಿನವೂ ಓಡಾಡುವವರು ಎಫ್‌ಎಂ ಕೇಳಬಹುದು. ಬಸ್ಸಿನ ಲೋಹದ ಒಡಲೊಳಗೆ ಮೀಡಿಯಂ ವೇವ್ ಹಿಡಿಯುವುದು ಕಷ್ಟ. ಬಸ್ಸಿನ ಸದ್ದನ್ನು ಮೀರಿಸಲು ಧ್ವನಿ ಏರಿಸುತ್ತ ಹೋಗುವುದೇ ಕಿವಿಗೆ ಅಪಾಯ. ವಯಸ್ಕರು 80 ಡೆಸಿಬೆಲ್ ಮಟ್ಟದ ಸದ್ದನ್ನು ವಾರಕ್ಕೆ 40 ಗಂಟೆಗಿಂತ ಹೆಚ್ಚು ಕೇಳಬಾರದು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಮಿತಿ. ಸದ್ದು ಏರಿದಂತೆ ಈ ಅವಧಿ ಬೇಗನೆ ಕುಗ್ಗುತ್ತದೆ. ಕಿವಿಯೊಳಗೆ ಬಿಗಿಯಾಗಿ ಕೂರುವ ರಬ್ಬರ್ ತುದಿಯ ಇಯರ್‌ಫೋನ್ ಹೊರಗಿನ ಸದ್ದನ್ನು ತಡೆಯುವುದರಿಂದ ಕಡಿಮೆ ಧ್ವನಿಯಲ್ಲೇ ಕೇಳಬಹುದು. ರಸ್ತೆ ದಾಟುವಾಗ ಮಾತ್ರ ಎರಡನ್ನೂ ತೆಗೆದುಬಿಡಿ.

ಏಳನೆಯದು: ಬಿಲ್ಲು ಮತ್ತು ಆನ್‌ಲೈನ್ ಖರೀದಿ

ಎಷ್ಟೇ ಚಿಕ್ಕ ಮೊತ್ತವಾದರೂ ಬಿಲ್ಲು ಪಡೆಯಿರಿ, ಮಾದರಿಯ ಹೆಸರನ್ನು ಅದರಲ್ಲಿ ಬರೆಸಿ. ರೇಡಿಯೊ ಮನೆಯಲ್ಲಿ ಹಿಡಿಯದಿದ್ದರೆ ಎರಡು ದಿನದೊಳಗೆ ಬದಲಿಸಿಕೊಡುವ ಮಾತನ್ನು ಹಣ ಕೊಡುವ ಮುನ್ನವೇ ಪಡೆಯಬೇಕು. ಆನ್‌ಲೈನ್‌ನಲ್ಲಿ ಕೊಳ್ಳುವವರು ಮರಳಿಸುವ ಅವಧಿ ಎಷ್ಟು, ಹಣ ವಾಪಸ್ಸೋ ಬರಿಯ ಬದಲಿ ಪೆಟ್ಟಿಗೆಯೋ ಎಂದು ಓದಿಕೊಳ್ಳಬೇಕು. ಪೆಟ್ಟಿಗೆ ಬಂದ ದಿನವೇ ಮೂರನೆಯ ಹಂತದ ಪರೀಕ್ಷೆಯನ್ನು ಮನೆಯಲ್ಲಿ ಮಾಡಿ. ವಿವರಣೆಯಲ್ಲಿ ರೇಡಿಯೊ ಎಂದಷ್ಟೇ ಇದ್ದು ಬ್ಯಾಂಡಿನ ಹೆಸರಿಲ್ಲದಿದ್ದರೆ ಎಫ್‌ಎಂ ಮಾತ್ರ ಎಂದೇ ತಿಳಿಯಿರಿ. ಮಾರಿದವರು ಮಾತಿಗೆ ತಪ್ಪಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು.

ಮೆಮೊರಿ ಕಾರ್ಡ್‌ಗಳಲ್ಲಿ ನಕಲಿ ಬಹಳ. 32 ಜಿಬಿ ಎಂದು ಬರೆದು ಒಳಗೆ ಅದರ ಕಾಲು ಭಾಗವೂ ಇಲ್ಲದ ಕಾರ್ಡ್‌ಗಳು ಮಾರಾಟವಾಗುತ್ತವೆ. ಕಾರ್ಡನ್ನು ಪೂರ್ತಿ ತುಂಬಿಸಿ, ಕೊನೆಯಲ್ಲಿ ನಕಲಾದ ಹಾಡುಗಳು ಸರಿಯಾಗಿ ಹಾಡುತ್ತವೆಯೇ ಎಂದು ಒಮ್ಮೆ ಪರೀಕ್ಷಿಸಿ.

ಮನೆಯಲ್ಲಿ ಇಡುವ ಜಾಗ

ಮೀಡಿಯಂ ವೇವ್ ಹಿಡಿಯುವ ಕಡ್ಡಿ ಸಾಮಾನ್ಯವಾಗಿ ಪೆಟ್ಟಿಗೆಯ ಉದ್ದಕ್ಕೆ ಮಲಗಿರುತ್ತದೆ. ಪ್ರಸಾರ ಬರುವ ದಿಕ್ಕಿಗೆ ಪೆಟ್ಟಿಗೆಯ ಅಗಲವಾದ ಮುಖವೋ ಬೆನ್ನೋ ಇರಬೇಕು, ತುದಿ ಇರಬಾರದು. ಗದಗಿನವರಿಗೆ ಧಾರವಾಡ ಇರುವುದು ನೇರ ಪಶ್ಚಿಮಕ್ಕೆ, ಆದ್ದರಿಂದ ಪೆಟ್ಟಿಗೆಯ ಉದ್ದ ಉತ್ತರ ದಕ್ಷಿಣವಾಗಿ ಇರಲಿ. ಹಾವೇರಿಯವರಿಗೆ ಧಾರವಾಡ ವಾಯವ್ಯದ ಕಡೆ, ಉತ್ತರಕ್ಕೆ ಹೆಚ್ಚು ಒಲಿದಂತೆ. ಅವರು ಹೆಚ್ಚುಕಡಿಮೆ ಪೂರ್ವ ಪಶ್ಚಿಮವಾಗಿ ಇಟ್ಟು, ಅಲ್ಲಿಂದ ತುಸು ಆಚೀಚೆ ತಿರುಗಿಸಿ ನೋಡಬೇಕು. ಕಬ್ಬಿಣದ ಕಪಾಟಿನೊಳಗೆ, ಫ್ರಿಜ್ ಮೇಲೆ, ಟಿವಿ ಪಕ್ಕದಲ್ಲಿ ಇಡಬೇಡಿ. ತಗಡಿನ ಮಾಳಿಗೆಯ ಮನೆಯಾದರೆ ಕಿಟಕಿಯ ಹತ್ತಿರ ಇಡಿ. ಸಂಜೆ ದೀಪ ಹಾಕಿದ ಕೂಡಲೇ ಗರಗರ ಶುರುವಾದರೆ ಒಂದೊಂದೇ ಎಲ್‌ಇಡಿ ಬಲ್ಬನ್ನು ಆರಿಸುತ್ತ ಬನ್ನಿ. ಯಾವುದು ಆರಿದಾಗ ಸದ್ದು ನಿಲ್ಲುತ್ತದೆಯೋ ಆ ಬಲ್ಬನ್ನು ಬದಲಿಸಿದರೆ ಸಾಕು, ರೇಡಿಯೊವನ್ನು ಮರಳಿಸುವ ಅಗತ್ಯವಿಲ್ಲ.